ಖಾಲಿ ಮಿಂಚಿನ ಛಾಯಾಗ್ರಾಹಕ

ಹಳೆಯ ನೆಗೆಟಿವ್‌ಗಳನ್ನು ಯಾರೂ ಎಸೆಯುವುದಿಲ್ಲ, ಯಾರೂ ನೋಡುವುದೂ ಇಲ್ಲ. ನಿಮ್ಮ ಮನೆಯಲ್ಲೂ ಬೀರುವಿನ ಮೇಲೋ ಟ್ರಂಕಿನ ತಳದಲ್ಲೋ ಒಂದು ಬಿಸ್ಕತ್ತಿನ ಡಬ್ಬ ಇದ್ದೀತು. ಅದರೊಳಗೆ ಆರಾರು ಚಿತ್ರಗಳ ತುಂಡುಗಳಾಗಿ ಕತ್ತರಿಸಿದ ಫಿಲ್ಮು ತನ್ನ ಪಾಡಿಗೆ ತಾನು ಸುರುಳಿ ಸುತ್ತಿಕೊಂಡು ಮಲಗಿದ್ದೀತು. ಮನೆಗೆ ಸುಣ್ಣ ಹೊಡೆಸುವಾಗ ಮಾತ್ರ ಅದಕ್ಕೆ ಹೊರಗೆ ಬರುವ ಯೋಗ. ಆಗ ಮನೆಯವರಲ್ಲಿ ಒಬ್ಬರು ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೂದಲು ಬೆಳ್ಳಗೂ ಹಲ್ಲು ಕಪ್ಪಗೂ ಇರುವ ಯಾವುದೋ ಆಕೃತಿಯನ್ನು ದಿಟ್ಟಿಸಿ, "ಇದು ದೊಡ್ಡಪ್ಪ ಇರ್ಬೇಕು" ಎಂದು ತೀರ್ಪು ಕೊಡುತ್ತಾರೆ. ಅದರ ಮೇಲೆ ಮೇಲ್ಮನವಿ ಇಲ್ಲ. ಡಬ್ಬ ಮತ್ತೆ ಬೀರುವಿನ ಮೇಲೇರುತ್ತದೆ.

ನಾನೂ ಹೀಗೆಯೇ ನೆಮ್ಮದಿಯಾಗಿ ಇರಬಹುದಾಗಿತ್ತು. ಆದರೆ ಕಡೂರಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೆ ಎದುರಿಗೆ ಕೂತು ಕೇಳುವ ವಿದ್ಯಾರ್ಥಿಗಳು ಇಲ್ಲವಾದ ಮೇಲೆ ತಲೆಯೊಳಗೆ ನಾನಾ ಬಗೆಯ ಯೋಜನೆಗಳು ಹುಟ್ಟುತ್ತವೆ. ನನಗೆ ಹುಟ್ಟಿದ್ದು ಫಿಲ್ಮುಗಳ ಉದ್ಧಾರದ ಯೋಜನೆ. ಮನೆಯಲ್ಲಿದ್ದ ಸ್ಕ್ಯಾನರಿಗೆ ಜೋಡಿಸುವ ಒಂದು ಸಲಕರಣೆಯನ್ನು ತರಿಸಿದೆ. ಬೆನ್ನಿನಲ್ಲಿ ದೀಪವಿರುವ ಒಂದು ಚಪ್ಪಟೆ ಪೆಟ್ಟಿಗೆ, ಫಿಲ್ಮಿನ ತುಂಡನ್ನು ಅಲುಗದಂತೆ ಹಿಡಿಯುವ ಕರಿ ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು, ಇಷ್ಟೇ. ಜೊತೆಗೆ ಬಂದ ಸೂಚನಾ ಪುಸ್ತಕ ಅನೇಕ ಭಾಷೆಗಳಲ್ಲಿತ್ತು. ಅವುಗಳಲ್ಲಿ ಯಾವುದರಲ್ಲಿ ಓದಿದರೂ ನನಗೆ ಅರ್ಥವಾಗುತ್ತಿದ್ದುದು ಚಿತ್ರಗಳು ಮಾತ್ರ.

ಸುರುಳಿ ಸುತ್ತಿದ ಫಿಲ್ಮನ್ನು ನೆಟ್ಟಗೆ ಮಾಡಲು ಭಾರವಾದ ಪುಸ್ತಕದ ಕೆಳಗಿಡಬೇಕಂತೆ. ಹುಡುಕಿದಾಗ ಸಿಕ್ಕಿದ್ದು ನನ್ನ ಪಿಎಚ್.ಡಿ. ಮಹಾಪ್ರಬಂಧ. ಮಾರ್ಗದರ್ಶಕರನ್ನು ಬಿಟ್ಟರೆ ಇನ್ನಾರೂ ತೆರೆಯದ ಆ ಗ್ರಂಥಕ್ಕೆ ಹೀಗೊಂದು ಲೋಕೋಪಯೋಗ ಒದಗಿತಲ್ಲ ಎಂದು ಸಂತೋಷಪಟ್ಟೆ. ಇನ್ನು ಧೂಳಿನ ವಿಷಯ. ಫಿಲ್ಮಿನ ಮೇಲೆ ಕಣ್ಣಿಗೆ ಕಾಣದ ಒಂದು ಎಳೆ ಕೂತಿದ್ದರೂ ಪರದೆಯ ಮೇಲೆ ಅದು ಮದುವೆ ಗಂಡಿನ ಹಣೆಯ ಮೇಲೆ ಹರಿದಾಡುವ ಹುಳುವಾಗಿ ಪ್ರತ್ಯಕ್ಷವಾಗುತ್ತದೆ. ಒಂದು ವಾರ ನಾನು ಮೆತ್ತನೆಯ ಬ್ರಷ್ಷು ಹಿಡಿದು, ಉಸಿರು ಬಿಗಿಹಿಡಿದು, ಫ್ಯಾನು ಆರಿಸಿ, ಯಾರೂ ಕೋಣೆಗೆ ಕಾಲಿಡಕೂಡದೆಂದು ಕಟ್ಟಪ್ಪಣೆ ಮಾಡಿ ಕುಳಿತೆ. "ಮನೇಲಿ ಧೂಳು ಇರುತ್ತೆ ಅನ್ನೋದು ನಿಮಗೆ ಇವತ್ತು ಗೊತ್ತಾಯ್ತಾ" ಎಂದು ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿ ಹೋದಳು. ಉತ್ತರ ಕೊಡಬೇಕಾದರೆ ಉಸಿರು ಬಿಡಬೇಕಾಗಿದ್ದರಿಂದ ಸುಮ್ಮನಿದ್ದೆ.

ಮೊದಲ ಚಿತ್ರ ಪರದೆಯ ಮೇಲೆ ಮೂಡಿದ ಗಳಿಗೆಯಲ್ಲಿ ನನಗೆ ಬಂದ ಅಹಂಕಾರವನ್ನು ಮುಚ್ಚಿಡುವುದಿಲ್ಲ. ಕಪ್ಪು ಬೆಳ್ಳಗಾಗಿ, ಬೆಳ್ಳನೆಯದು ಕಪ್ಪಾಗಿ, ನಲವತ್ತು ವರ್ಷದ ಹಿಂದಿನ ಮುಖಗಳು ಒಂದೊಂದಾಗಿ ಎದ್ದು ಬಂದಾಗ ನಾನೇ ಅವರಿಗೆಲ್ಲ ಪ್ರಾಣ ತುಂಬಿದೆನೇನೋ ಅನ್ನಿಸಿತು. ಆ ಅಮಲಿನಲ್ಲೇ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿಬಿಟ್ಟೆ: ನನ್ನ ಬಳಿ ಇರುವ ಸಮಸ್ತ ಕುಟುಂಬದ ಚಿತ್ರಗಳನ್ನೂ ಪುನರುಜ್ಜೀವನಗೊಳಿಸಲಾಗುತ್ತಿದೆ, ಕೆಟ್ಟುಹೋದ ಫಿಲ್ಮಿನಿಂದಲೂ ಚಿತ್ರ ಹೊರತೆಗೆಯಬಲ್ಲ ಯಂತ್ರ ಬಂದಿದೆ, ಬೇಕಾದವರು ತಿಳಿಸತಕ್ಕದ್ದು. ಕೆಟ್ಟ ಫಿಲ್ಮಿನ ಮಾತು ಸುಳ್ಳು. ಯಂತ್ರ ಹಾಗೇನೂ ಹೇಳಿಕೊಂಡಿರಲಿಲ್ಲ. ಅದರ ಪರವಾಗಿ ನಾನು ಹೇಳಿದೆ.

ಬೇಡಿಕೆಗಳು ಬಂದವು. ಒಬ್ಬರಿಗೆ ತಮ್ಮ ಮೈಬಣ್ಣ ಎರಡು ಪಟ್ಟು ತಿಳಿಯಾಗಬೇಕಿತ್ತು. ದೇವನೂರಿನ ಒಬ್ಬ ನೆಂಟರಿಗೆ, ಜಮೀನಿನ ಖಾತೆ ಬದಲಾವಣೆಯ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮನನ್ನು ಮದುವೆಯ ಗುಂಪಿನಿಂದ ಎಬ್ಬಿಸಿ ಕಳಿಸಬೇಕಿತ್ತು, ಆದರೆ ತಮ್ಮನ ಕೈಲಿದ್ದ ಹೂವಿನ ಹಾರ ಮಾತ್ರ ಅಲ್ಲೇ ಇರಬೇಕಿತ್ತು. ಇವನ್ನೆಲ್ಲ ಹೇಗೋ ನಿಭಾಯಿಸಬಹುದಾಗಿತ್ತು. ನಿಭಾಯಿಸಲಾಗದೆ ಇದ್ದದ್ದು ಇನ್ನೊಂದು ಜಾತಿಯ ಬೇಡಿಕೆ. ತರೀಕೆರೆಯ ಮದುವೆಯಲ್ಲಿ ನೀನು ನಮ್ಮದೊಂದು ತೆಗೆದಿದ್ದೆ, ಅದು ಎಲ್ಲಿ, ಎಂದು ಒಬ್ಬರ ಹಿಂದೆ ಒಬ್ಬರು ಕೇಳತೊಡಗಿದರು. ನೆನಪಿನ ವಿಷಯದಲ್ಲಿ ನಮ್ಮವರು ಬಹಳ ಗಟ್ಟಿ. ಉಟ್ಟಿದ್ದ ಸೀರೆಯ ಅಂಚು, ನಿಂತಿದ್ದ ಜಾಗ, ಫ್ಲ್ಯಾಷು ಮಿಂಚಿದಾಗ ಕಣ್ಣು ಮಿಟುಕಿಸಿದ್ದು, ಎಲ್ಲವನ್ನೂ ಹೇಳಿದರು. ಹೇಳಿದ್ದೆಲ್ಲ ನಿಜ. ಫೋಟೋ ಒಂದು ಮಾತ್ರ ಇರಲಿಲ್ಲ.

ಓದುಗರೇ, ಇದು ನಾನು ತಪ್ಪೊಪ್ಪಿಕೊಳ್ಳಬೇಕಾದ ಜಾಗ. ಆ ಮದುವೆ ನನ್ನ ದೊಡ್ಡಪ್ಪನ ಮಗಳದು. ಆಗ ನಾನು ಡಿಗ್ರಿ ಓದುತ್ತಿದ್ದೆ, ಇಡೀ ಬಳಗದಲ್ಲಿ ಕ್ಯಾಮೆರಾ ಇದ್ದದ್ದು ನನ್ನೊಬ್ಬನಲ್ಲಿ, ಆ ಕಾರಣಕ್ಕೆ ತಲೆ ಸ್ವಲ್ಪ ತಿರುಗಿತ್ತು. ಕೈಯಲ್ಲಿದ್ದದ್ದು ಒಂದೇ ರೀಲು, ಅದರಲ್ಲಿ ಮೂವತ್ತಾರು ಚಿತ್ರ. ಛತ್ರದಲ್ಲಿದ್ದ ನೆಂಟರು ಮುನ್ನೂರು, ಮತ್ತು ಪ್ರತಿಯೊಬ್ಬರಿಗೂ "ನಮ್ಮದೊಂದು". ಬೇಡಿಕೆ ಅಪರಿಮಿತ, ಪೂರೈಕೆ ಪರಿಮಿತ. ಅರ್ಥಶಾಸ್ತ್ರದ ಮೊದಲ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಇದಕ್ಕೆ ಪರಿಹಾರವನ್ನು ನನಗೆ ರೀಲು ತೊಳೆದುಕೊಡುತ್ತಿದ್ದ ಸ್ಟುಡಿಯೋದವರು ಮೊದಲೇ ಹೇಳಿಕೊಟ್ಟಿದ್ದರು. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಫ್ಲ್ಯಾಷಿನ ಬೆನ್ನ ಮೇಲೆ, ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದಕ್ಕಾಗಿ ಒಂದು ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಫ್ಲ್ಯಾಷು ಮಾತ್ರ ಮಿಂಚುತ್ತದೆ, ಕ್ಯಾಮೆರಾ ಕಣ್ಣು ತೆರೆಯುವುದೇ ಇಲ್ಲ. ಒತ್ತಾಯ ಮಾಡುವ ನೆಂಟರಿಗೆ ಅದೊಂದು ಸಾಕು, ಅವರೂ ಸಂತೋಷ, ರೀಲೂ ಉಳಿಯುತ್ತದೆ. ಆ ಕಾಲದ ಮದುವೆಗಳಲ್ಲಿ ಈ ಖಾಲಿ ಮಿಂಚಿಗೆ ನಕ್ಕವರ ಲೆಕ್ಕ ಇಟ್ಟವರಿಲ್ಲ. ನಾನಂತೂ ಅಂದು ಇಡೀ ಛತ್ರಕ್ಕೆ ಮಿಂಚು ಹಂಚಿದೆ.

ಹಾಗಾದರೆ ಉಳಿಸಿದ ರೀಲನ್ನು ಏನು ಮಾಡಿದೆ ಎಂದು ನೀವು ಕೇಳುವುದು ನ್ಯಾಯ. ಧಾರೆ, ಮಾಂಗಲ್ಯ ಇತ್ಯಾದಿಗಳ ನಂತರ ಮದುವೆಗೆ ಒಬ್ಬ ಅಮಲ್ದಾರರು ಬಂದರು. ಅವರು ಬಂದದ್ದು, ಕೂತದ್ದು, ಹಾರ ಹಾಕಿಸಿಕೊಂಡದ್ದು, ಕಾಫಿ ಕುಡಿದದ್ದು, ಕುಡಿದ ಲೋಟ ಕೆಳಗಿಟ್ಟದ್ದು, ಎದ್ದು ಹೊರಟದ್ದು, ಹೀಗೆ ಆರು ಚಿತ್ರ ತೆಗೆದೆ. ಮೊನ್ನೆ ಆ ಆರನ್ನೂ ಸ್ಕ್ಯಾನು ಮಾಡಿ ಗುಂಪಿನಲ್ಲಿ ಹಾಕಿ ಇವರ ಹೆಸರೇನೆಂದು ಕೇಳಿದರೆ, ಇಡೀ ಬಳಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು "ಅಡುಗೆ ಭಟ್ರು ಇರ್ಬೇಕು" ಎಂದು ಬರೆದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನೊಂದು ತಮಾಷೆಯಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಅಜ್ಜಂಪುರದಿಂದ ಗಿರಿಜತ್ತೆಯ ಫೋನು ಬಂತು. ನನ್ನ ತಂದೆಯ ಚಿಕ್ಕಪ್ಪನ ಮಗಳು. ಕಬ್ಬಿಣದ ಅಂಗಡಿಯ ರುದ್ರಪ್ಪಮಾವನ ಹೆಂಡತಿ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು.

"ಲೇ, ತರೀಕೆರೆ ಮದ್ವೇಲಿ ಕಂಬದ ಹತ್ರ ನಿಲ್ಲಿಸಿ ನಮ್ಮಿಬ್ರದು ತೆಗ್ದಿದ್ದೆಯಲ್ಲ. ರೀಲು ಹಾಳಾಯ್ತು ಅಂತ ಆವಾಗ ಅಂದಿದ್ದೆ. ಈಗ ಹಾಳಾಗಿರೋದ್ರಿಂದ್ಲೂ ತೆಗಿಯೋ ಮಿಷನ್ ಬಂದೈತಂತಲ್ಲೋ. ನಮ್ಮ ಮದ್ವೇಲಿ ಫೋಟೋನೇ ಇರ್ಲಿಲ್ಲ. ಆಮೇಲಿನವೆಲ್ಲ ಮಕ್ಕಳ ಮದ್ವೇವು, ಮುಖ ಗಂಟು ಹಾಕ್ಕೊಂಡು ನಿಂತಿರೋವು. ವಯಸ್ಸಲ್ಲಿ ನಾವಿಬ್ರೇ ನಿಂತಿದ್ದು ಅಂದ್ರೆ ಅದೊಂದೇ ಕಣೋ. ಸಿಕ್ಕಿದ್ರೆ ನೋಡು."

ನೋಡುತ್ತೇನೆ ಅತ್ತೆ, ಎಂದೆ. ನೋಡುವುದಕ್ಕೆ ಏನೂ ಇರಲಿಲ್ಲ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟದ್ದು ನನಗೆ ನೆನಪಿತ್ತು. ಆಮೇಲೆ ಫೋಟೋ ಕೇಳಿದವರಿಗೆಲ್ಲ ರೀಲಿನ ಕೊನೆಗೆ ಬೆಳಕು ಬಿತ್ತು, ಅರ್ಧಕ್ಕರ್ಧ ಹಾಳಾಯಿತು ಎಂದು ಹೇಳಿದ್ದೂ ನೆನಪಿತ್ತು. ರೀಲು ಬಿಡುವುದು ಎಂಬ ಮಾತಿಗೆ ನನ್ನಷ್ಟು ನ್ಯಾಯ ಒದಗಿಸಿದವರು ಕಡಿಮೆ. ಆದರೆ ನಲವತ್ತು ವರ್ಷ ತಣ್ಣಗೆ ಮಲಗಿದ್ದ ಆ ಸುಳ್ಳನ್ನು ಎಬ್ಬಿಸಿ ಕೂರಿಸಿದ್ದು ಗುಂಪಿನಲ್ಲಿ ನಾನೇ ಹಾಕಿದ ಹೊಸ ಸುಳ್ಳು. ಅತ್ತೆಗೆ ಆಸೆ ಹುಟ್ಟಿಸಿದ್ದು ಅದು.

ಅತ್ತೆ ಮಾವ ಇಬ್ಬರೂ ಬೇರೆ ಯಾವ ಚಿತ್ರದ ಮೂಲೆಯಲ್ಲಾದರೂ ಸಿಕ್ಕಾರೆಂದು ಮೂವತ್ತಾರನ್ನೂ ದೊಡ್ಡದು ಮಾಡಿ ಹುಡುಕಿದೆ. ಊಟದ ಪಂಕ್ತಿಯಲ್ಲಿ ಇಲ್ಲ. ಆರತಿಯ ಹೆಂಗಸರ ನಡುವೆ ಅತ್ತೆ ಇಲ್ಲ. ಕೊನೆಗೆ ಸಿಕ್ಕಿದ್ದು ಅಮಲ್ದಾರರ ಐದನೆಯ ಚಿತ್ರದಲ್ಲಿ, ಅವರು ಕಾಫಿ ಲೋಟ ಕೆಳಗಿಡುತ್ತಿದ್ದಾಗ. ಆಲ್ಬಮ್ಮಿನಲ್ಲಿರುವ ಪ್ರತಿಯಲ್ಲಿ ಅಮಲ್ದಾರರು ಮಾತ್ರ ಇದ್ದಾರೆ. ಕಾಗದದ ಅಳತೆಗೆ ಹೊಂದಲೆಂದು ಸ್ಟುಡಿಯೋದಲ್ಲಿ ಎಡಗಡೆಯನ್ನು ಬಿಟ್ಟಿದ್ದರು. ಫಿಲ್ಮಿನಲ್ಲಿ ಆ ಎಡಗಡೆ ಹಾಗೇ ಉಳಿದಿತ್ತು. ಅಲ್ಲಿ ಕಂಬದ ಪಕ್ಕ, ಸ್ವಲ್ಪ ಮಸುಕಾಗಿ, ಗಿರಿಜತ್ತೆ ಗಂಡನ ಕೋಟಿನ ಕಾಲರು ಸರಿಮಾಡುತ್ತಿದ್ದಾರೆ. ಮಾವ ಶಾಲೆಗೆ ಹೊರಟ ಮಗುವಿನಂತೆ ಗದ್ದ ಎತ್ತಿ ನಿಂತಿದ್ದಾರೆ. ಇಬ್ಬರೂ ನಗುತ್ತಿದ್ದಾರೆ. ನಾನು ಅಮಲ್ದಾರರನ್ನು ಮುಗಿಸಿಕೊಂಡು ಬಂದು ತಮ್ಮ ಚಿತ್ರ ತೆಗೆಯಲಿ ಎಂದು ಸಿದ್ಧರಾಗಿ ಕಾಯುತ್ತಿದ್ದಾರೆ.

ಆಗ ನನಗೆ ಬಂದ ಮೊದಲ ಯೋಚನೆ ಪಶ್ಚಾತ್ತಾಪದ್ದಲ್ಲ, ಬಚಾವಾದೆ ಎಂಬುದು. ಅಮಲ್ದಾರರನ್ನು ಕತ್ತರಿಸಿ ಹಾಕಿದೆ, ಅತ್ತೆ ಮಾವನನ್ನು ನಡುವಿಗೆ ತಂದೆ, ಒಳ್ಳೆಯ ಕಾಗದದ ಮೇಲೆ ಪ್ರಿಂಟು ಹಾಕಿಸಿ ಬೀರೂರಿನ ಮೇಲೆ ಅಜ್ಜಂಪುರದ ಬಸ್ಸು ಹತ್ತಿದೆ. ಇದೇ ಆ ಫೋಟೋ, ಕೊನೆಗೂ ಸಿಕ್ಕಿತು ಎಂದು ಹೇಳುವುದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೆ, ಅಲ್ಲಿ ಹಾಗೆಯೇ ಹೇಳಿಯೂಬಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಒಳಗಿದ್ದ ಸೊಸೆಯನ್ನು ಕರೆದು ತೋರಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇದಲ್ಲ ಕಣೋ. ಅದ್ರಲ್ಲಿ ಇಬ್ರೂ ನಿನ್ನೇ ನೋಡ್ತಾ ನಿಂತಿದ್ವಿ."

ಕೆಂಪು ಗುಂಡಿಯ ಕಥೆಯನ್ನು ತಲೆ ತಗ್ಗಿಸಿ ಹೇಳಿಬಿಟ್ಟೆ. ರೀಲು ಹಾಳಾಗಿರಲಿಲ್ಲ, ತೆಗೆದೇ ಇರಲಿಲ್ಲ ಎಂದೆ. ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಸೆರಗಿನ ತುದಿಯಿಂದ ಚಿತ್ರದ ಮೇಲಿನ ಬೆರಳಿನ ಗುರುತು ಒರೆಸುತ್ತ ಹೇಳಿದರು:

"ನಿಮ್ಮ ಮಾವ ಎರಡು ಸಲ ನಿಮ್ಮನೇಗೆ ಬಂದಿದ್ರು, ಆ ಫೋಟೋ ಕೇಳಕ್ಕೆ. ರೀಲು ಹಾಳಾಯ್ತು ಅಂದ್ಯಂತೆ. ಮನೇಗ್ ಬಂದು ನಂಗಂದ್ರು, ಪಾಪ, ಹುಡುಗ ಅಷ್ಟು ಆಸೆಪಟ್ಟು ತೆಗ್ದಿದ್ದ, ಅವನ ಮುಖ ನೋಡಕ್ಕಾಗ್ಲಿಲ್ಲ, ಇನ್ಮೇಲೆ ಆ ಮಾತು ಎತ್ತಿ ಅವನಿಗೆ ಬೇಜಾರು ಮಾಡ್ಬೇಡ ಅಂತ. ಅದಕ್ಕೇ ಅವ್ರಿರೋಗಂಟ ನಾನು ಕೇಳ್ಲಿಲ್ಲ."

ನನಗೆ ಬಹಳ ನಾಚಿಕೆಯಾಯಿತು. ನಾನು ಮೋಸ ಮಾಡಿದ ಮನುಷ್ಯ ನನ್ನ ಬಗ್ಗೆಯೇ ಕನಿಕರಪಟ್ಟುಕೊಂಡು ಮನೆಗೆ ಹೋಗಿದ್ದರು, ಮತ್ತು ಆ ಕನಿಕರ ಕೊನೆಯವರೆಗೂ ಅವರಲ್ಲಿ ಹಾಗೇ ಇತ್ತು. ಇನ್ನು ಅವರ ಹತ್ತಿರ ಹೇಳಿಕೊಳ್ಳಲು ಸಾಧ್ಯವಿಲ್ಲ. ಸೊಸೆ ಕಾಫಿ ತಂದಿಟ್ಟರು. ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ಇದೂ ಇರ್ಲಿ ಬಿಡು" ಎಂದು ಅತ್ತೆ ಚಿತ್ರವನ್ನು ಎದೆಗೆ ಒತ್ತಿ ಹಿಡಿದರು. "ಇದ್ರಲ್ಲಿ ನಗ್ತಾ ಅವ್ರೆ. ನಿನ್ನ ಕಡೆ ನೋಡಿದ್ರೆ ಮುಖ ಬಿಗೀತಿದ್ರು."

ಹಾಗೆಯೇ ಕೂತಿರಿ ಅತ್ತೆ, ಒಂದು ತೆಗೆಯುತ್ತೇನೆ, ಎಂದು ಫೋನು ಎತ್ತಿದೆ. ಅವರು ಸೆರಗು ಸರಿಮಾಡಿಕೊಂಡು, ಮಾವನ ಮುಖ ನನ್ನ ಕಡೆ ಕಾಣುವಂತೆ ಚಿತ್ರವನ್ನು ತಿರುಗಿಸಿ ಹಿಡಿದು, ನೆಟ್ಟಗೆ ನನ್ನನ್ನೇ ನೋಡುತ್ತ ಕುಳಿತರು. ತೆಗೆದೆ. ಆಯ್ತು ಅತ್ತೆ, ಎಂದೆ.

ಅವರು ಕೈ ಮುಂದೆ ಚಾಚಿದರು.

"ಎಲ್ಲಿ, ತೋರ್ಸು."