ಗರಿ ಸುತ್ತಿದ ಗಾಳ

ಅಂಗಳದಲ್ಲಿ ಆ ವಸ್ತು ಮೊದಲು ಕಂಡದ್ದು ಅತ್ತೆಗೆ. ಉಗುರಿನಷ್ಟುದ್ದದ ಗಾಳ. ಮೈಗೆ ಕೆಂಪು ರೇಷ್ಮೆ, ಅದರ ಮೇಲೆ ಬೆಳ್ಳಿ ಎಳೆ, ಕತ್ತಿನ ಸುತ್ತ ಕರಿಕೋಳಿಯ ಗರಿ. ಪೊರಕೆ ಬಿಸಾಕಿ, “ಯಾರೋ ಮಾಟ ಮಾಡ್ಸವ್ರೆ!” ಎಂದು ಕೂಗಿದರು. ಆಮೇಲೆ ನನ್ನ ಕಡೆ ನೋಡಿದರು.

ಆ ನೋಟ ಅರ್ಥವಾಗದೇ ಇರಲು ನಾನೇನು ನಿನ್ನೆ ಬಂದ ಸೊಸೆಯಲ್ಲ. ಮನೆಗೆ ಹಿರಿಸೊಸೆ ನಾನು, ನನಗೆ ಮಕ್ಕಳಿಲ್ಲ. ಓರಗಿತ್ತಿಗೆ ಆರು ತಿಂಗಳ ಗಂಡುಮಗು. ಅವಳು ತವರಿನಿಂದ ಬಂದಾಗಿನಿಂದ ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವಳು ನಾನೇ. ದಿನದಲ್ಲಿ ನನ್ನದು ಅನ್ನಿಸುತ್ತಿದ್ದ ಹೊತ್ತು ಅದೊಂದೇ.

ಅವತ್ತು ನೀರು ಕಾಯಿಸಿ ಕರೆದರೆ ಓರಗಿತ್ತಿ ಬಾಗಿಲು ಮುಂದೆ ಮಾಡಿಕೊಂಡು, “ಮಗೀಗೆ ನೆಗಡಿ ಅಕ್ಕ, ಇವತ್ ಬ್ಯಾಡ,” ಅಂದಳು. ಮರುದಿನವೂ ನೆಗಡಿ. ಒಂದು ಸೀನೂ ಕೇಳಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲೆ ಹೊರಿಸಲೆಂದೇ ಯಾರೋ ಇದನ್ನು ತಂದು ಹಾಕಿದ್ದಾರೆ ಅನ್ನಿಸಿತು. ಇವಳೇ ಯಾಕಾಗಿರಬಾರದು? ಸೀರೆಗೆ ಕುಚ್ಚು ಕಟ್ಟುವವಳು, ಬುಟ್ಟಿ ತುಂಬ ಕೆಂಪು ರೇಷ್ಮೆ ದಾರ ಇತ್ತು.

ಅವಳ ಗಂಡ, ಅಂದರೆ ನನ್ನ ಮೈದುನ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಅವನು ಊಟಿ ಟ್ರಿಪ್ಪು ಮುಗಿಸಿ ಬಂದ ಕೂಡಲೇ, ಯಾರೂ ಮುಟ್ಟದೆ ಅಂಗಳದಲ್ಲೇ ಬುಟ್ಟಿ ಕವುಚಿಟ್ಟಿದ್ದ ಆ ಗಾಳವನ್ನು ಬರಿಗೈಯಲ್ಲೇ ಎತ್ತಿ ಅವನ ಮುಂದಿಟ್ಟೆ.

“ಅಯ್ಯೋ ಅತ್ತಿಗೆ, ಇದು ಫಾರಿನ್ನೋರು ಮೀನು ಹಿಡಿಯೋ ಗಾಳ! ದೇವನಹಳ್ಳಿ ಹೋಟ್ಲಿಗೆ ಬಿಡೋವಾಗ ಒಬ್ರು ಡಬ್ಬಿ ತೆಗ್ದು ತೋರಿಸ್ತಿದ್ರು, ಆಗ ಕಾರಲ್ಲಿ ಬಿದ್ದೋಗೈತೆ. ಊಟಿಗೆ ಹೊರಟ ದಿನ ಬೆಳಗ್ಗೆ ಅಂಗಳದಲ್ಲಿ ಕಾರಿನ ಮ್ಯಾಟು ಒದರಿದ್ದು ನಾನೇ.”

ಲೋಟದ ನೀರಿಗೆ ಹಾಕಿ ತೋರಿಸಿದ. ಗರಿ ನೆನೆದು ಮೈಗಂಟಿ ಮೆಲ್ಲಗೆ ಮುಳುಗಿತು, ಥೇಟ್ ನೀರಿಗೆ ಬಿದ್ದ ಹುಳ. ಚಳಿದೇಶದ ಹೊಳೆಗಳಲ್ಲಿ ಟ್ರೌಟು, ಸಾಲ್ಮನ್ ಮೀನುಗಳು ಹುಳವೆಂದೇ ನಂಬಿ ನುಂಗುತ್ತವಂತೆ. ಅವರ ಮುತ್ತಜ್ಜಂದಿರ ಕಾಲದಿಂದ ಇದೇ ಬಣ್ಣ, ಇದೇ ಗರಿಯಲ್ಲಿ ಕಟ್ಟುತ್ತಾರಂತೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಗಿತ್ತಿಯೂ ನಕ್ಕಳು. ನಾನೂ ನಕ್ಕು ಅವಳ ಮೇಲಿದ್ದ ಅನುಮಾನ ಬಿಟ್ಟೆ.

ಮರುದಿನ ಅವಳೇ ಮಗುವನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಎಣ್ಣೆ ಹಚ್ಚಲು ಅಂಗಿ ಬಿಚ್ಚಿದರೆ ಉಡಿದಾರದಲ್ಲಿ ಹೊಸ ತಾಯತ.

“ಇದ್ಯಾವಾಗ ಕಟ್ಟಿದ್ದು?” ಎಂದು ಕೇಳಿದೆ.

“ಈಗ ಬೆಳಗ್ಗೆ ಅತ್ತೆ ಕಟ್ಟಿದ್ರು ಅಕ್ಕ,” ಅಂದಳು. ಸ್ನಾನ ಮುಗಿಯುವವರೆಗೂ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು.