ಅವ್ವ ಕಂಡ ಕೊರಳಿನ ಗಂಟು

ಬೋರಗಾಂವದಲ್ಲಿ ನನ್ನ ಅವ್ವ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ನಾನು ಕಾಲೇಜಿಗೆ ಹೋಗುತ್ತಿದ್ದಾಗ, 2009ರಲ್ಲಿ, ನಾವು ಕಾಕು ಎಂದು ಕರೆಯುತ್ತಿದ್ದ ಓಣಿಯ ಹೆಂಗಸೊಬ್ಬರು ಅಳತೆ ಕೊಡಲು ಬಂದಿದ್ದರು. ಕೊರಳಿಗೆ ಟೇಪು ಹಿಡಿದ ಅವ್ವ ತಟ್ಟನೆ ಕೈ ತಡೆದಳು. ಕಾಕು ಉಗುಳು ನುಂಗಿದಾಗ ನೆಲ್ಲಿಕಾಯಿಯಷ್ಟು ಗಂಟೊಂದು ಮೇಲೇರಿ ಇಳಿದದ್ದನ್ನು ಆಕೆ ಕಂಡಿದ್ದಳು. ಇದೇನು, ನೋಯುತ್ತದೆಯೇ ಎಂದು ಕೇಳಿದಳು.

“ನೋಯಂಗಿಲ್ಲವ್ವಾ, ಮೈ ಬಂದೈತಿ ಅಷ್ಟ,” ಎಂದು ಕಾಕು ನಕ್ಕರು.

“ಮೈ ಬಂದಿದ್ರ ಎರಡೂ ಕಡೆ ಬರ್ತಿತ್ರಿ. ಇದು ಒಂದ ಬಾಜು ಐತಿ,” ಎಂದಳು ಅವ್ವ.

ಮರುದಿನ ಮಷೀನು ಮುಚ್ಚಿಟ್ಟು ಕಾಕುವನ್ನು ನಿಪ್ಪಾಣಿಯ ಡಾಕ್ಟರರ ಬಳಿ ಕರೆದೊಯ್ದಳು. ಜೊತೆಗೆ ನಾನೂ ಹೋದೆ. “ಥೈರಾಯ್ಡ್ ಗಂಟು. ಹೆಣ್ಮಕ್ಕಳೊಳಗ ಇದು ಭಾಳ ಸಾಮಾನ್ಯ, ಹೆಚ್ಚಿನವು ಅಪಾಯದ್ದಿರೂದಿಲ್ಲ. ಆದ್ರೂ ಸೂಜಿ ಹಾಕಿ ಪರೀಕ್ಷೆ ಮಾಡೂಣು,” ಎಂದ ಡಾಕ್ಟರು, “ಯಾರು ಗುರ್ತು ಹಿಡದ್ರು?” ಎಂದು ಕೇಳಿದರು. ಕಾಕು ಅವ್ವನತ್ತ ಕೈ ತೋರಿಸಿದರು.

ಕಾಕುವಿನ ಗಂಟು ನಿರಪಾಯದ್ದೆಂದು ವರದಿ ಬಂತು. ಮುಂದಿನ ವರ್ಷಗಳಲ್ಲಿ ಅವ್ವ ಇನ್ನೂ ಮೂವರ ಕೊರಳಲ್ಲಿ ಗಂಟು ಕಂಡು ಹೀಗೆಯೇ ಡಾಕ್ಟರರ ಬಳಿ ಕಳಿಸಿದಳು. ಅವರಲ್ಲಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಮಾತ್ರ ಕ್ಯಾನ್ಸರ್ ಇತ್ತು. ಬೇಗ ಗೊತ್ತಾದ್ದರಿಂದ ಆಪರೇಷನ್ ಆಗಿ ಗುಣವಾದರು. ಅವರು ಪೇಢೆ ಹಿಡಿದು ಮನೆಗೆ ಬಂದ ದಿನ, ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ದಾಟದ ನನ್ನ ಅವ್ವನನ್ನು ನೋಡಿ ನನ್ನ ಎದೆ ಉಬ್ಬಿತು.