ಅಮ್ಮನ ಗುಡಿಯಲ್ಲಿ ತೂಗುವ ಎಡಗೈ

ಲಗ್ಗೆರೆಯಲ್ಲಿ ನಮ್ಮ ಬೀದಿ ಮುಗಿಯುವಲ್ಲಿರುವ ಅಮ್ಮನ ಗುಡಿಯ ಒಳಗೋಡೆಯಲ್ಲಿ, ಗಂಟೆಯ ಪಕ್ಕದ ಮೊಳೆಗೆ, ನನ್ನ ಹೆಂಡತಿಯ ಎಡಗೈ ತೂಗುತ್ತಿದೆ. ಹಿತ್ತಾಳೆಯದು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆ ಮಾತಿಗೆ ನಾನೇ ಹೊಣೆ, ಏಕೆಂದರೆ ಅದನ್ನು ಪಾಸ್ ಮಾಡಿದವನು ನಾನು. ತೊಂದರೆ ಒಂದೇ. ಕಾಯಿಲೆ ಬಿದ್ದದ್ದು ಅವಳ ಬಲಗೈ.

ಆಗ ನನಗೆ ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಇನ್‌ಸ್ಪೆಕ್ಟರ್ ಕೆಲಸ. ಮಷಿನ್ನಿನಿಂದ ಇಳಿದ ಪ್ರತಿ ಮಾಲನ್ನೂ ಅಳೆದು ಒಪ್ಪುವುದು, ಇಲ್ಲವೇ ಕೆಂಪು ಬಣ್ಣ ಬಳಿದು ಎಸೆಯುವುದು. ಅನುಮಾನಪಡುವುದಕ್ಕೆ ಸಂಬಳ ಕೊಡುವ ಕೆಲಸ ಅದು. ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಭಯಕ್ಕೆ ಅರ್ಧ ದಾರಿಯಿಂದ ಮನೆಗೆ ಓಡಿ ಬಂದಿದ್ದೇನೆ, ಅದೂ ನಮ್ಮ ಮನೆಗೆ ಗ್ಯಾಸ್ ಬರುವುದಕ್ಕೆ ಎರಡು ವರ್ಷ ಮೊದಲು.

ನನ್ನ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಬಿತ್ತು. ಎತ್ತಿಕೊಳ್ಳಲು ಬಾಗಿದವಳು ಅಲ್ಲೇ ಕುಸಿದಳು. ಲಕ್ವ ಎಂದರು. ಒಂದು ತಿಂಗಳ ಮೇಲೆ ಮಾತು ಮರಳಿತು. ಅವಳು ಮೊದಲು ನನ್ನನ್ನೇ ಬೈದದ್ದರಿಂದ ಬುದ್ಧಿಯೂ ಸರಿಯಾಗಿಯೇ ಇದೆ ಎಂದು ಖಾತ್ರಿಯಾಯಿತು. ಆಮೇಲೆ ಕಾಲು ಬಂತು. ಬಲಗೈ ಮಾತ್ರ ಬರಲಿಲ್ಲ. ಅರ್ಧ ಮಡಿಸಿದ ಹಾಗೇ ನಿಂತುಬಿಟ್ಟಿತು. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುವಂತಾದರೆ ಸೂಜಿ ಹಿಡಿಯಬಹುದು, ಆಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ನಮ್ಮ ಪ್ರಾರ್ಥನೆಯೆಲ್ಲ ಬಂದು ನಿಂತದ್ದು ಆ ಎರಡು ಬೆರಳ ನಡುವಿನ ಸಂದಿನಲ್ಲಿ.

ಸಂದು ಹನ್ನೊಂದು ಮಿಲಿಮೀಟರ್ ಇತ್ತು. ನನಗೆ ಗೊತ್ತು, ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ನಾನು ವರ್ನಿಯರ್ ಹಿಡಿದು ಅಳೆಯುತ್ತಿದ್ದೆ. ವರ್ನಿಯರ್ ಎಂದರೆ ನಮ್ಮ ಕಸುಬಿನ ಅಳತೆಗೋಲು. ಕೊಕ್ಕಿನಂಥ ಬಾಯಿ ಇರುತ್ತದೆ. ಆ ಕೊಕ್ಕನ್ನು ಅವಳ ಬೆರಳುಗಳ ನಡುವೆ ತೂರಿಸಿ, ಕನ್ನಡಕ ಏರಿಸಿ, ಓದಿ ನೋಟ್‌ಬುಕ್ಕಿನಲ್ಲಿ ಬರೆಯುವುದು.

"ಇವತ್ತೆಷ್ಟು?" ಅನ್ನುತ್ತಿದ್ದಳು.

"ಹನ್ನೊಂದು."

"ದೇವರಿಗೆ ಹೇಳಿ, ನೀವು ಬರ್ಕೊಂಡಿದೀರಾ ಅಂತ. ಹೆದರ್ಕೊಂಡಾದ್ರೂ ಮಾಡ್ಲಿ."

ಒಂದು ಶುಕ್ರವಾರ ಅಳತೆ ಹತ್ತೂವರೆ ಬಂತು. ಮತ್ತೆ ಅಳೆದೆ. ಹತ್ತೂವರೆಯೇ. ಓಡಿಹೋಗಿ ಅಮ್ಮನ ಗುಡಿಯ ಮುಂದೆ ಈಡುಗಾಯಿ ಒಡೆದು, ಬೀದಿಯವರಿಗೆಲ್ಲ ಹೇಳಿ, ಸಕ್ಕರೆ ಹಂಚಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಯೂನಿಟ್ಟಿನಲ್ಲಿ ಅದೇ ವರ್ನಿಯರ್ ಹಿಡಿದು ಅಳೆದ ಮಾಲೆಲ್ಲ ಅರ್ಧ ಮಿಲಿಮೀಟರ್ ಕಡಿಮೆ ಬರತೊಡಗಿತು. ಹಿಂದಿನ ದಿನ ಬೆಂಚಿನಿಂದ ಬಿದ್ದು ಅದರ ಸೊನ್ನೆಯ ಗೆರೆಯೇ ಜಾರಿತ್ತು. ದೇವರು ಮಾಡದ ಕೆಲಸಕ್ಕೆ ಕಾಯಿ ಒಡೆದು ಬಂದಿದ್ದೆ. ಅದನ್ನು ವಾಪಸ್ ಕೇಳುವ ಹಾಗೂ ಇಲ್ಲ, ಚೂರುಗಳನ್ನು ಆಗಲೇ ಯಾರೋ ಆರಿಸಿಕೊಂಡು ಹೋಗಿ ಚಟ್ನಿ ಮಾಡಿರುತ್ತಾರೆ.

ಅಂದು ಸಂಜೆ ನಿಜ ಹೇಳಿದೆ. ಹೊಲಿಗೆ ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು, ಅವಳು ಅದನ್ನೇ ನೋಡುತ್ತ, "ನಾನೇನು ಕೇಳಿದ್ದು? ಸೂಜಿ ಹಿಡಿಯೋಷ್ಟು. ಅದೂ ಜಾಸ್ತಿ ಆಯ್ತಾ ಅಮ್ಮನಿಗೆ?" ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ಹೋಗ್ಲಿ, ಅನ್ನಕ್ಕಿಡಿ" ಎಂದಳು.

ಆ ರಾತ್ರಿ ಊಟವಾದ ಮೇಲೆ ನಾನು ಹರಕೆ ಹೊತ್ತೆ. ಕೈ ಬಂದರೆ ಕೈ ಮಾಡಿಸಿ ಒಪ್ಪಿಸುತ್ತೇನೆ ಎಂದು ಎಲ್ಲರೂ ಹೊರುವುದು. ಬಂದ ಮೇಲೆ ಕೊಡುವುದಕ್ಕಿಂತ ಮೊದಲೇ ಕೊಟ್ಟರೆ ಅಮ್ಮನಿಗೆ ಮುಜುಗರವಾಗಿಯಾದರೂ ನಡೆಸಿಕೊಡಬಹುದೆಂಬ ಲೆಕ್ಕ ನನ್ನದು. ಮರುದಿನ ಹರಕೆಯ ಬೆಳ್ಳಿ ಕೈ ತರಲು ಅಂಗಡಿಗೆ ಹೋದೆ. ನನ್ನ ಹೆಬ್ಬೆರಳಷ್ಟು ಉದ್ದದ್ದು, ಹಪ್ಪಳದಂಥ ತಗಡು, ಐದು ಬೆರಳೂ ಒಂದೇ ಉದ್ದ. ನನ್ನೊಳಗಿನ ಇನ್‌ಸ್ಪೆಕ್ಟರ್ ಒಪ್ಪಲಿಲ್ಲ. ಇದನ್ನು ನೋಡಿ ಅಮ್ಮನಿಗೆ ಯಾರ ಕೈ ಎಂದು ಗೊತ್ತಾಗಬೇಡವೇ? ಬೇರೆಯವರದು ವಾಸಿಯಾಗಿಬಿಟ್ಟರೆ?

ನಮ್ಮ ಯೂನಿಟ್ಟಿನಲ್ಲಿ ಲೋಹದ ಮೇಲೆ ಕೆತ್ತುವ ಮಷಿನ್ ನಡೆಸುತ್ತಿದ್ದವನು ರಾಯಚೂರು ಕಡೆಯವನು. ದಾಸರಹಳ್ಳಿಯಲ್ಲಿ ನಾಲ್ಕು ಜನರ ಜೊತೆ ಒಂದು ರೂಮಿನಲ್ಲಿದ್ದ. ಹಳೆಯ ಕೆಲಸದಲ್ಲಿ ಪ್ರೆಸ್ಸಿಗೆ ಸಿಕ್ಕಿ ಅವನ ಕಿರುಬೆರಳ ತುದಿ ಹೋಗಿತ್ತು. ಅವನಿಗೆ ಹಿತ್ತಾಳೆಯ ತುಂಡು ತೋರಿಸಿ ವಿಷಯ ಹೇಳಿದೆ.

"ಮಾಡೂಣ ತಗೋರಿ ಸರ. ಅಕ್ಕಾರ ಕೈಯಿನ ಗುರುತ ತಗೊಂಡ ಬರ್ರಿ."

ಅಲ್ಲೇ ಸಮಸ್ಯೆ. ಬಲಗೈ ಕಾಗದದ ಮೇಲೆ ಚಪ್ಪಟೆ ಕೂರುವುದಿಲ್ಲ. ಹಾಗಾಗಿ ಎಡಗೈ ಇಡಿಸಿ, ತೆಳು ಕಾಗದದ ಮೇಲೆ ಸುತ್ತ ಪೆನ್ಸಿಲ್ ಎಳೆದು, ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಅದೇ ಗೆರೆಯನ್ನು ತಿದ್ದಿ ಬಲಗೈ ಮಾಡಿದೆ. ಉಗುರನ್ನೂ ಬಿಡಿಸಿದೆ, ಯಾವ ಬದಿ ಮೇಲೆಂದು ಅಮ್ಮನಿಗೆ ತಿಳಿಯಲಿ ಎಂದು. ಅವನಿಗೆ ಕೊಡುವಾಗ, ಬಾಯಿ ಸುಮ್ಮನಿರಬೇಕಲ್ಲ, "ಇದು ಎಡಗೈ ನೋಡಿ ಬರ್ದಿದ್ದು ಕಣಪ್ಪ, ಹುಷಾರು" ಎಂದೆ. ಅವನೂ ಹುಷಾರಿನವನೇ. ಎಡಗೈ ನೋಡಿ ಬರೆದದ್ದೆಂದ ಮೇಲೆ ಮಗುಚಬೇಕಲ್ಲವೇ? ಮತ್ತೊಮ್ಮೆ ಮಗುಚಿ ಕೆತ್ತಿದ.

ಮೂರು ದಿನ ಊಟದ ಬಿಡುವಿನಲ್ಲಿ ಕೆಲಸ ನಡೆಯಿತು. ಕೈ ನನ್ನ ಮೇಜಿಗೆ ಬಂದಾಗ ಪ್ರತಿ ಬೆರಳ ಉದ್ದ, ಅಗಲ, ಉಗುರಿನ ಆಳ ಎಲ್ಲವನ್ನೂ ರಿಪೇರಿಯಾದ ವರ್ನಿಯರಿನಲ್ಲಿ ಅಳೆದೆ. ಇಪ್ಪತ್ತೆರಡು ಅಳತೆ, ಇಪ್ಪತ್ತೆರಡೂ ಸರಿ. ಹಿಂದೆ ಪಾಸ್ ಮುದ್ರೆ ಒತ್ತಿದೆ. ಯಾವ ಕೈ ಎಂದು ನೋಡುವ ಕಾಲಂ ನಮ್ಮ ರಿಪೋರ್ಟಿನಲ್ಲಿ ಇಲ್ಲ.

ಮಂಗಳವಾರ ಗುಡಿಗೆ ಹೋದೆವು. ಗುಡಿಯ ಯಜಮಾನರು ಮೂಲ ಲಗ್ಗೆರೆಯವರು, ನಮ್ಮ ಮನೆ ಓನರ್ ಕೂಡ ಅವರೇ. ಬೆಳ್ಳಿಯದಲ್ಲ ಎಂದು ನಾನು ಅಳುಕುತ್ತಿದ್ದರೆ, "ಅಮ್ಮ ಏನ್ ತೂಕ ಆಕ್ತಾಳಾ, ಬುಡಿ" ಎಂದು ತಟ್ಟೆಯಲ್ಲಿಟ್ಟು ಪೂಜೆ ಮಾಡಿಸಿದರು. ಹುಂಡಿಯ ಬಾಯಿಗೆ ಹಿಡಿಸದ್ದರಿಂದ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿದರು. ಮಂಗಳಾರತಿಯಾಯಿತು. ನಾನು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ಹೆಂಡತಿಯ ದನಿ, ಬಹಳ ಮೆಲ್ಲಗೆ: "ರೀ."

"ಸುಮ್ನಿರು, ಬೇಡ್ಕೋ."

"ಬೇಡ್ಕೊಂಡೆ. ರೀ, ಅದು ನನ್ನ ಎಡಗೈ."

ಕಣ್ಣು ಬಿಟ್ಟೆ. ಅವಳು ತನ್ನ ಎಡಗೈಯನ್ನು ಹಿತ್ತಾಳೆಯದರ ಪಕ್ಕಕ್ಕೆ ಎತ್ತಿ ಹಿಡಿದಿದ್ದಳು. ಹೆಬ್ಬೆರಳ ಬದಿಗೆ ಹೆಬ್ಬೆರಳು, ಉಗುರಿಗೆ ಉಗುರು. ಇಪ್ಪತ್ತೆರಡೂ ಅಳತೆ ಸರಿ.

ನಾನು ಗಾಬರಿಯಾಗಿ ಯಜಮಾನರ ಹತ್ತಿರ ಓಡಿದೆ. ಇಳಿಸಿಕೊಡಿ, ನಾಳೆಯೇ ಬೇರೆ ಮಾಡಿಸಿ ತರುತ್ತೇನೆ ಎಂದೆ.

"ಇಳ್ಸೋದಾ? ಅಮ್ಮುಂಗೆ ಒಪ್ಸಿದ್ದುನ್ನ ಇಸ್ಕೊಂಡೋಗಕೆ ಇದೇನ್ ಅಂಗ್ಡೀನಾ?"

"ತಪ್ಪು ಕೈ ಯಜಮಾನ್ರೇ! ಬಲಗೈಗೆ ಹರಕೆ ಹೊತ್ತಿದ್ದು."

ಅವರು ಕೈಯನ್ನೂ ಅಮ್ಮನನ್ನೂ ನನ್ನನ್ನೂ ನೋಡಿದರು. "ಅಲ್ಲ ಕಣ್ರಯ್ಯಾ, ಅಮ್ಮುನ್ ಎದುರ್ಗೆ ನಿಂತ್ಕಂಡು ನೋಡಿ. ನಿಮ್ ಎಡ ಇರೋ ಕಡೆ ಅವ್ಳಿಗೆ ಬಲ. ಅವ್ಳು ಸರ್ಯಾಗೇ ತಿಳ್ಕತಾಳೆ, ಓಗಿ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ಲಕ್ವ ಹೊಡೆದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನಾನದನ್ನು ಗಮನಿಸಲೂ ಇಲ್ಲ. ದೇವರು ಯಾವ ಕಡೆಯಿಂದ ನೋಡುತ್ತಾಳೆ ಎಂಬ ಪ್ರಶ್ನೆ ತಲೆ ಹೊಕ್ಕಿತ್ತು. ಎದುರಿನಿಂದ ನೋಡಿದರೆ ಯಜಮಾನರ ಮಾತು ಸರಿ. ಆದರೆ ದೇವರು ಎಲ್ಲ ಕಡೆಯೂ ಇದ್ದಾಳಲ್ಲ, ಹಿಂದಿನಿಂದಲೂ ನೋಡಿದರೆ?

ಮಾರನೆಯ ದಿನ ಮಷಿನ್ನಿನವನಿಗೆ ಹೇಳಿದೆ. ಅವನು ಹಣೆ ಚಚ್ಚಿಕೊಂಡ. "ನೀವೂ ಮಗುಚಿದ್ರಿ? ಹೇಳಬೇಕಲ್ರೀ ಸರ!" ಆಮೇಲೆ ಕೇಳಿದ: "ಅಕ್ಕಾರ ಎಡಗೈ ಹ್ಯಾಂಗೈತ್ರಿ ಈಗ?"

"ಎಡಗೈಗೇನಾಗಿದೆ? ಚೆನ್ನಾಗಿದೆ."

"ಮತ್ತ? ಹರಕಿ ಮುಟ್ಟೇತಲ್ರೀ."

ನನಗೆ ಸಿಟ್ಟು ಬಂತು. "ನೀನು ನಿನ್ನ ಬೆರಳಿಗೆ ಏನೂ ಕೇಳ್ಕೊಳ್ಳಲಿಲ್ವಾ?"

"ಕೇಳ್ದ್ಯಾ ಸರ. ಭಾಳ ಕೇಳ್ದ್ಯಾ." ಮೊಂಡು ಬೆರಳನ್ನು ಎತ್ತಿ ನೋಡಿಕೊಂಡ. "ಬೆಳೀಲಿಲ್ಲ. ಈಗೂ ಕೈ ಮುಗೀತೀನ್ರಿ, ಒಂಬತ್ತೂವರಿ ಬೆರಳಿಂದ. ಆದ್ರ ದಿನಾ ಅಳದ ನೋಡೂದಿಲ್ರಿ."

ಆ ಮಾತು ನನಗೇ ಹೇಳಿದ್ದೋ ಬರೀ ಬೆರಳ ವಿಷಯವೋ ಗೊತ್ತಾಗಲಿಲ್ಲ. ನಾನು ಅಳೆಯುವುದನ್ನು ನಿಲ್ಲಿಸಲಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಒಂದೊಂದಾಗಿ ಎದ್ದು ನಿಂತವು. ನಮ್ಮ ನೋಟ್‌ಬುಕ್ಕಿನಲ್ಲಿ ಹನ್ನೊಂದು, ಹನ್ನೊಂದು, ಹನ್ನೊಂದು. ಈ ನಡುವೆ ಹೆಂಡತಿ ಎಡಗೈಯಲ್ಲಿ ಉಣ್ಣಲು, ಬಾಚಲು, ತರಕಾರಿ ಹೆಚ್ಚಲು ಕಲಿತಳು. ಸೂಜಿಯನ್ನು ದಿಂಬಿಗೆ ಚುಚ್ಚಿ ನಿಲ್ಲಿಸಿ ಎಡಗೈಯಲ್ಲೇ ದಾರ ಪೋಣಿಸಿ ಸೀರೆಗೆ ಫಾಲ್ಸ್ ಹಚ್ಚಿದಳು. ಸಾಲು ಹಾವಿನಂತೆ ಹರಿದಿತ್ತು. ನಾನಾಗಿದ್ದರೆ ಕೆಂಪು ಬಣ್ಣ ಬಳಿಯುತ್ತಿದ್ದೆ. ಆ ಸೀರೆಯವಳು ಇನ್ನೆರಡು ತಂದುಕೊಟ್ಟಳು.

ಒಂದು ದಿನ ಕೇಳಿಯೇಬಿಟ್ಟೆ. "ನಿನಗೆ ಬೇಜಾರಾಗಲ್ವಾ ಅಮ್ಮನ ಮೇಲೆ? ಇಷ್ಟು ಕೇಳಿದ್ರೂ ಕೊಡ್ಲಿಲ್ಲ."

"ಆಗುತ್ತೆ. ಬೈದಿದೀನಿ ಕೂಡ. ಅದಕ್ಕೆ ಗುಡಿ ಬಿಟ್ಬಿಡ್ಲಾ? ನೀವು ಮದುವೆಯಾದಾಗಿಂದ ಬಚ್ಚಲ ಬಾಗಿಲಿಗೆ ಚಿಲಕ ಹಾಕಿಸ್ತೀನಿ ಅಂತಿದೀರಾ. ನಿಮ್ಮ ಜೊತೆ ಇಲ್ವಾ ನಾನು?"

ಆ ವರ್ಷದ ಆಯುಧಪೂಜೆ. ಯೂನಿಟ್ಟಿನಲ್ಲಿ ಹಿಂದಿನ ದಿನವೇ ಮಷಿನ್ನುಗಳಿಗೆಲ್ಲ ಹೂವು ಹಾಕಿ ಬಂದಿದ್ದೆ. ಮನೆಯಲ್ಲಿ ಬೆಳಿಗ್ಗೆ ದೀಪ ಹಚ್ಚಿ ಅಭ್ಯಾಸದಂತೆ ವರ್ನಿಯರ್ ಹುಡುಕಿದರೆ ಡಬ್ಬಿ ಖಾಲಿ. ನಡುಮನೆಯಲ್ಲಿ ಮಣೆಯ ಮೇಲೆ ಈಳಿಗೆ, ಕತ್ತರಿ, ಸುತ್ತಿಗೆ ಸಾಲಾಗಿ ಇದ್ದವು. ಪಕ್ಕದಲ್ಲಿ ಹೊಲಿಗೆ ಮಷಿನ್. ಕೊನೆಯಲ್ಲಿ ನನ್ನ ವರ್ನಿಯರ್, ಮೈತುಂಬ ಅರಿಶಿನ ಕುಂಕುಮ ಬಳಿಸಿಕೊಂಡು, ಕೊಕ್ಕಿನಲ್ಲಿ ಸೇವಂತಿಗೆ ಕಚ್ಚಿಕೊಂಡು ಕೂತಿತ್ತು.

"ಅಯ್ಯೋ, ಅದರ ಸಂದಿಗೆಲ್ಲ ಕುಂಕುಮ ಹೋಯ್ತಲ್ಲೇ! ಸರಿಯಾಗಿ ತೋರಿಸಲ್ಲ ಇನ್ನು!"

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ. ಅದೂ ದುಡಿದಿದೆ ಪಾಪ, ರಜ ಕೊಡಿ."

ಹಾಗೆಂದು ಅವಳು ಮಣೆಯ ಮುಂದೆ ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ, ಕತ್ತರಿಗೂ ವರ್ನಿಯರಿಗೂ ನಡುವೆ ಇಟ್ಟಳು. ಅರ್ಧ ಮಡಿಸಿದ ಹಾಗೇ ಅದು ಅಲ್ಲಿ ಒರಗಿಕೊಂಡಿತು.

"ಇದಕ್ಕೂ ಹಚ್ಚಿ" ಎಂದಳು.

"ಏನು?"

"ಇಪ್ಪತ್ತು ವರ್ಷ ರವಿಕೆ ಹೊಲಿದಿದೆ. ಕೆಲಸ ನಿಂತ ಮಷಿನ್ನಿಗೆ ನಿಮ್ಮ ಯೂನಿಟ್ಟಲ್ಲಿ ಪೂಜೆ ಮಾಡಲ್ವಾ?"

ಮಾಡುತ್ತೇವೆ. ಮೂಲೆಯಲ್ಲಿ ವರ್ಷಗಳಿಂದ ಕೆಟ್ಟು ನಿಂತ ಹಳೆಯ ಲೇತ್ ಮಷಿನ್ನಿಗೂ ಹೂವು ಹಾಕುತ್ತೇವೆ, ಅದನ್ನು ಬಿಟ್ಟರೆ ಅಪಶಕುನವೆಂದು. ನಾನು ಕುಂಕುಮದ ಬಟ್ಟಲು ತೆಗೆದುಕೊಂಡೆ. ಮಣಿಕಟ್ಟಿಗೆ ಇಟ್ಟೆ, ಗೆಣ್ಣುಗಳಿಗೆ ಒಂದೊಂದು ಬೊಟ್ಟು ಇಟ್ಟೆ. ಹೆಬ್ಬೆರಳಿಗೂ ತೋರುಬೆರಳಿಗೂ ಇಡುವಾಗ ಆ ಸಂದು ಕಣ್ಣಿಗೆ ಬಿತ್ತು. ಹನ್ನೊಂದಕ್ಕಿಂತ ಸ್ವಲ್ಪ ಕಡಿಮೆಯಾಗಿದೆಯೇ? ಜಾಸ್ತಿಯಾಗಿದೆಯೇ? ಬರೀ ಕಣ್ಣಿನಲ್ಲಿ ಹೇಳುವುದು ಕಷ್ಟ. ವರ್ನಿಯರ್ ಪಕ್ಕದಲ್ಲೇ ಇತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಅಮ್ಮಾ, ಅಂದೆ ಮನಸ್ಸಿನಲ್ಲಿ. ಮುಂದೆ ಏನು ಕೇಳಬೇಕೆಂದು ಹೊಳೆಯಲಿಲ್ಲ. ಕೇಳುವುದನ್ನೆಲ್ಲ ಆಗಲೇ ಕೇಳಿಯಾಗಿತ್ತು, ಅಳತೆಯ ಸಮೇತ. ಸುಮ್ಮನೆ ಆ ಸಂದಿನಲ್ಲಿ ಒಂದು ಹೂವು ಸಿಕ್ಕಿಸಿದೆ. ಬೀಳದೆ ನಿಂತಿತು.

ಮಂಗಳಾರತಿ ಎತ್ತಿ, ಬಾಗಿಲಲ್ಲಿ ನಿಂತಿದ್ದ ಗಾಡಿಯ ಚಕ್ರದ ಕೆಳಗಿಡಲು ನಿಂಬೆಹಣ್ಣು ತೆಗೆದುಕೊಂಡೆ. ಹಿಂದಿನಿಂದ ಕೂಗಿದಳು:

"ರೀ, ಅದನ್ನ ಮಾತ್ರ ಈ ಕೈ ಕೆಳಗೆ ಇಡೋಕೆ ಬರಬೇಡಿ. ಹಿಂಡೋಕೆ ನಂಗಾಗಲ್ಲ."